ಎಂಟು ಮಳೆಗಾಲದ ಗೀಟುಗಳು

ಮಂಗಳೂರಿನವರಿಗೆ ಮಳೆಯ ಬಗ್ಗೆ ಭಾಷಣ ಮಾಡುವುದೆಂದರೆ ಮೀನಿಗೆ ಈಜು ಕಲಿಸಲು ಹೋದ ಹಾಗೆ. ಆದರೂ ಆ ವರ್ಷ ಊರಿಡೀ ಅದೇ ಭಾಷಣ. ಮೇ ತಿಂಗಳು ಮುಗಿಯುವ ಮೊದಲೇ ಮಳೆ ಹಿಡಿದುಕೊಂಡಿತು, ಪಂಪ್‌ವೆಲ್‌ನಲ್ಲಿ ಸ್ಕೂಟರುಗಳು ಸೀಟಿನ ತನಕ ಮುಳುಗಿ ನಿಂತವು, ಅಲ್ಲಿಂದ ಶುರುವಾಯಿತು ನೋಡಿ. ಹವಾಮಾನವೇ ಕೆಟ್ಟಿದೆ, ಭೂಮಿ ಬಿಸಿಯಾಗಿದೆ, ಇನ್ನು ನಮ್ಮ ಕಥೆ ಮುಗಿಯಿತು ಎಂದರು ಅರ್ಧ ಜನ. ಹವಾಮಾನಕ್ಕೆ ಏನೂ ಆಗಿಲ್ಲ, ನೀರು ಹರಿಯುತ್ತಿದ್ದ ತೋಡನ್ನೆಲ್ಲ ಮುಚ್ಚಿ ಮನೆ ಕಟ್ಟಿದರೆ ನೀರು ನಿಮ್ಮ ಹಾಸಿಗೆಗೆ ಬಾರದೆ ಇನ್ನೆಲ್ಲಿಗೆ ಹೋಗಬೇಕು ಎಂದರು ಉಳಿದರ್ಧ. ಬಿಜೈಯ ಬಸ್‌ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಇದೇ ಜಗಳ. ಎರಡು ಕಡೆಯವರೂ ಬಹಳ ಧೈರ್ಯದಿಂದ ಮಾತನಾಡುತ್ತಿದ್ದರು. ಜೀವಮಾನದಲ್ಲಿ ಒಂದು ಚಮಚ ಮಳೆನೀರನ್ನೂ ಅಳೆಯದವರಿಗೆ ಆ ಧೈರ್ಯ ಬರುವುದು ಸುಲಭ.

ಅಳೆದವನೊಬ್ಬ ಉರ್ವದಲ್ಲಿದ್ದ. ಹೆಸರು ಚೆನ್ನಪ್ಪ, ವಯಸ್ಸು ಅರವತ್ಮೂರು. ಅವನ ಹಿರಿಯರೆಲ್ಲ ಕಡಲಿಗೆ ಇಳಿದವರು. ಅಪ್ಪ ಗಾಳಿಯನ್ನು ಮೂಸಿ ಮಳೆ ಹೇಳುತ್ತಿದ್ದರು, ಹತ್ತರಲ್ಲಿ ಆರು ಸಲ ಸರಿಯಾಗುತ್ತಿತ್ತು, ನಾಲ್ಕು ಸಲ ಬೈಗುಳ ಸಿಗುತ್ತಿತ್ತು. ಮೂಸುವ ವಿದ್ಯೆಯಲ್ಲಿ ಚೆನ್ನಪ್ಪನಿಗೆ ನಂಬಿಕೆ ಬರಲಿಲ್ಲ. 1991ರಲ್ಲಿ ಯಾರೋ ಮೇಷ್ಟ್ರ ಹಿಂದೆ ಬಿದ್ದು ಒಂದು ಮಳೆಮಾಪಕ ಸಂಪಾದಿಸಿ ತಂದ. ತೆಂಗಿನ ಮರಗಳು ಅಡ್ಡ ಬಾರದೆ ಆಕಾಶ ಪೂರ್ತಿ ಕಾಣುವ ಜಾಗ ಅವನ ಅಂಗಳದಲ್ಲಿ ಒಂದೇ ಇತ್ತು, ತುಳಸಿಕಟ್ಟೆಯ ಮಗ್ಗುಲು. ಅಲ್ಲಿಯೇ ನೆಟ್ಟ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರನ್ನು ಗೆರೆ ಹಾಕಿದ ಗಾಜಿನ ಜಾಡಿಗೆ ಸುರಿಯುವುದು, ಎಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆಯುವುದು, ಆಮೇಲೆ ನೀರನ್ನು ತುಳಸಿಗೆ ಹೊಯ್ಯುವುದು. ಊರಿನವರಿಗೆ ಮೊದಮೊದಲು ನಗು ಬಂತು, ಆಮೇಲೆ ಅಭ್ಯಾಸವಾಯಿತು.

ಈ ಕಥೆ ಮಾತ್ರ ಅವನ ಹೆಂಡತಿ ಹರಿಣಾಕ್ಷಿಯದ್ದು. ಮದುವೆಯಾದದ್ದು 1997ರಲ್ಲಿ. ಮರುವರ್ಷ ಜನವರಿಯಲ್ಲಿ ಗಂಡ ಮಸ್ಕತ್ತಿಗೆ ಹೊರಟ, ಬಂದರಿನಲ್ಲಿ ಹಡಗು ಎಳೆಯುವ ಟಗ್ ಬೋಟಿನಲ್ಲಿ ಕೆಲಸ. ಹೊಸ ಹೆಂಡತಿಗೆ ಬಿಟ್ಟುಹೋಗಲು ಬೇರೆಯವರಾದರೆ ಒಂದು ಬಳೆಯನ್ನೋ ಸೀರೆಯನ್ನೋ ಹುಡುಕುತ್ತಿದ್ದರು. ಚೆನ್ನಪ್ಪ ಮಳೆಯ ಪುಸ್ತಕವನ್ನೂ ಗಾಜಿನ ಜಾಡಿಯನ್ನೂ ಅವಳ ಕೈಗೆ ಕೊಟ್ಟು, "ಒಂದು ದಿನವೂ ತಪ್ಪಿಸಬೇಡ" ಎಂದ. ಅತ್ತೆಗೆ ಕಣ್ಣು ಮಂಜು, ಜಾಡಿಯ ಗೆರೆ ಕಾಣುತ್ತಿರಲಿಲ್ಲ. ಹೀಗಾಗಿ 1998ರಿಂದ 2005ರ ತನಕ, ಎಂಟು ಮಳೆಗಾಲ, ಉರ್ವದ ಆ ಅಂಗಳದ ಮಳೆಯನ್ನು ಅಳೆದವಳು ಹರಿಣಾಕ್ಷಿ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಒಂದು ಕೈಯಲ್ಲಿ ಜಾಡಿ, ಇನ್ನೊಂದರಲ್ಲಿ ಮಾಪಕದ ಡಬ್ಬಿ ಹಿಡಿದು, ಬೆನ್ನು ಪೂರ್ತಿ ಒದ್ದೆ ಮಾಡಿಕೊಂಡು ಅಳೆದಳು. ಒಮ್ಮೆ ಮಾಪಕದ ಬಾಯಲ್ಲಿ ಕಪ್ಪೆಯೊಂದು ಕೂತಿತ್ತು, ಅದನ್ನು ಎಬ್ಬಿಸಿ ಅಳೆದಳು. ತಿಂಗಳ ಕೊನೆಗೆ ಎಲ್ಲವನ್ನೂ ಕೂಡಿ, ಒಟ್ಟು ಇಷ್ಟು ಎಂದು ಗಂಡನಿಗೆ ಕಾಗದ ಬರೆಯುತ್ತಿದ್ದಳು. ಅವನ ಕಾಗದದ ಮೊದಲ ಸಾಲಿನಲ್ಲಿ ಮಳೆಯ ಕ್ಷೇಮ, ಎರಡನೆಯದರಲ್ಲಿ ಅಮ್ಮನದ್ದು, ಮೂರನೆಯದರಲ್ಲಿ ಇವಳದ್ದು. 2006ರ ಮಾರ್ಚಿನಲ್ಲಿ ಹಿಂತಿರುಗಿದವನು ಜಾಡಿಯನ್ನು ತಿರುಗಿ ತನ್ನ ಕೈಗೆ ತೆಗೆದುಕೊಂಡ.

ಅಂತೂ ಊರಿನಲ್ಲಿ ಮಳೆಯ ಜಗಳ ಜೋರಾಯಿತಲ್ಲ, ಹಸ್ನಾ ಎಂಬ ಹುಡುಗಿಗೆ ಉಪಾಯ ಹೊಳೆಯಿತು. ಮೊಬೈಲಿನಲ್ಲೇ ಸ್ಥಳೀಯ ಸುದ್ದಿಯ ಚಾನೆಲ್ ನಡೆಸುವ ಚುರುಕಿನ ಹುಡುಗಿ. ಉರ್ವ ಮಾರ್ಕೆಟಿನ ಹತ್ತಿರ ಒಂದು ಸಣ್ಣ ಸಭಾಭವನ ಹಿಡಿದು, 'ನಮ್ಮ ಮಳೆ ಬದಲಾಗಿದೆಯಾ?' ಎಂದು ಬ್ಯಾನರ್ ಕಟ್ಟಿಸಿ, ಎರಡು ಭಾನುವಾರ ಚರ್ಚೆ ಇಟ್ಟಳು. ಬದಲಾಗಿದೆ ಎನ್ನಲು ಚೆನ್ನಪ್ಪ. ಪ್ರಶ್ನೆ ಕೇಳಲು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕಮಲೇಶ್. ಈ ಕಮಲೇಶ್ ಸಾಕ್ಷಿ ಇಲ್ಲದೆ ಯಾವುದನ್ನೂ ಒಪ್ಪದ ಜಾತಿಯ ಮನುಷ್ಯ. ಅಂಥವರ ಜೊತೆ ಊಟಕ್ಕೆ ಕೂರುವುದೂ ಕಷ್ಟ, ಮುಳ್ಳು ತೆಗೆದ ಮೀನಿನಲ್ಲೂ ಮುಳ್ಳು ಹುಡುಕುತ್ತಾರೆ.

ಚೆನ್ನಪ್ಪ ಎರಡು ತಿಂಗಳಿಂದ ತಯಾರಿ ನಡೆಸಿದ್ದ. ಮೂವತ್ತನಾಲ್ಕು ವರ್ಷದ ಪುಸ್ತಕವನ್ನು ಎರಡೇ ಬೆರಳಿನಿಂದ ಕಂಪ್ಯೂಟರಿಗೆ ಕುಟ್ಟಿದ್ದ. ಅದರ ಒಂದು ಪ್ರತಿಯನ್ನು ಕಮಲೇಶನಿಗೂ ಕೊಟ್ಟಿದ್ದ. ಹೊಸ ಶರ್ಟು ಹಾಕಿಕೊಂಡು ವೇದಿಕೆ ಹತ್ತಿದ. ಹರಿಣಾಕ್ಷಿ ಮೂರನೇ ಸಾಲಿನಲ್ಲಿ ಕೂತಳು.

"ನನ್ನ ಪುಸ್ತಕದಲ್ಲಿ ಸ್ಪಷ್ಟ ಉಂಟು," ಎಂದ ಚೆನ್ನಪ್ಪ. "ತೊಂಬತ್ತೇಳರ ತನಕ ಮಳೆ ಹದದಲ್ಲಿ ಬರ್ತಿತ್ತು. ತೊಂಬತ್ತೆಂಟರಿಂದ ಅದರ ಬುದ್ಧಿಯೇ ಬೇರೆ. ಮೂರು ದಿನ ಒಂದು ಹನಿ ಇಲ್ಲ, ನಾಲ್ಕನೇ ದಿನ ಆಕಾಶವೇ ಹರಿದು ಬಿದ್ದ ಹಾಗೆ. ಹೀಗೆ ಎಂಟು ವರ್ಷ. ಆಮೇಲೆ ಸ್ವಲ್ಪ ಕಡಿಮೆಯಾಯ್ತು, ಈಗ ಪುನಃ ಹೆಚ್ಚಾಗ್ತಾ ಉಂಟು. ಇದಕ್ಕಿಂತ ಸಾಕ್ಷಿ ಬೇಕಾ ಹವಾಮಾನ ಬದಲಾಗಿದೆ ಅನ್ಲಿಕ್ಕೆ?"

ಜನ ಚಪ್ಪಾಳೆ ಹೊಡೆದರು. ಹರಿಣಾಕ್ಷಿಯೂ ಹೊಡೆದಳು. ಆ ಎಂಟು ವರ್ಷ ತನ್ನದೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಕಮಲೇಶ್ ಮೈಕ್ ತೆಗೆದುಕೊಂಡ. "ಚೆನ್ನಪ್ಪಣ್ಣ, ನೀವು ಗಲ್ಫಿಗೆ ಹೋದದ್ದು ಯಾವಾಗ?"

"ತೊಂಬತ್ತೆಂಟು, ಜನವರಿ."

"ವಾಪಸ್ ಬಂದದ್ದು?"

"ಎರಡು ಸಾವಿರದ ಆರು."

"ಅಂದ್ರೆ ನೀವು ವಿಮಾನ ಹತ್ತಿದ ವರ್ಷ ಮಳೆಗೆ ಹುಚ್ಚು ಹಿಡಿದದ್ದು, ನೀವು ಇಳಿದ ವರ್ಷ ಬಿಟ್ಟದ್ದು. ನಿಮ್ಮ ಮೇಲೆ ಅಷ್ಟು ಪ್ರೀತಿಯಾ ಅದಕ್ಕೆ?"

ಸಭೆಯಲ್ಲಿ ನಗೆ ಎದ್ದಿತು. ಕಮಲೇಶ್ ನಗಲಿಲ್ಲ. ತನ್ನ ಹಾಳೆ ನೋಡಿಕೊಂಡು ಓದಿದ. "1999, ಜುಲೈ ಒಂಬತ್ತು, ಹತ್ತು, ಹನ್ನೊಂದು. ನಿಮ್ಮ ಅಂಗಳದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ನಿಮ್ಮ ಮನೆಯಿಂದ ಎರಡು ಕಿಲೋಮೀಟರ್ ಆಚೆ ಇನ್ನೊಬ್ಬರು ಅಳೆದ ಲೆಕ್ಕ ನನ್ನ ಹತ್ತಿರ ಉಂಟು. ಎಂಬತ್ತೆರಡು, ಅರವತ್ತನಾಲ್ಕು, ತೊಂಬತ್ತೊಂದು. ಇಡೀ ಊರಿಗೆ ಮಳೆ, ನಿಮ್ಮ ಅಂಗಳಕ್ಕೆ ಮಾತ್ರ ಬಿಸಿಲಾ? ಹನ್ನೆರಡನೇ ತಾರೀಕು ಅಲ್ಲಿ ಎಪ್ಪತ್ತು, ನಿಮ್ಮಲ್ಲಿ ಒಮ್ಮೆಲೇ ಮುನ್ನೂರ ಹನ್ನೆರಡು. ಇಲ್ಲಿ ಬದಲಾದದ್ದು ಹವಾಮಾನ ಅಲ್ಲ ಚೆನ್ನಪ್ಪಣ್ಣ, ಬರೆಯುವ ಕೈ. ಈ ಎಂಟು ವರ್ಷ ಯಾರು ಬರೆದದ್ದೋ, ಅವರು ಅಂಗಳಕ್ಕೆ ಇಳಿಯದೆ ಬರೆದಿದ್ದಾರೆ ಅಂತ ನನ್ನ ಅನಿಸಿಕೆ."

ಯಾರು ಬರೆದದ್ದೆಂದು ಉರ್ವದಲ್ಲಿ ಯಾರಿಗೆ ಗೊತ್ತಿಲ್ಲ? ಮುಂದಿನ ಎರಡು ಸಾಲಿನ ತಲೆಗಳು ಒಂದೊಂದಾಗಿ ಹಿಂದೆ ತಿರುಗಿದವು. ಹಸ್ನಾಳ ಮೊಬೈಲೂ ತಿರುಗಿತು. ಹರಿಣಾಕ್ಷಿಗೆ ಕಿವಿಯವರೆಗೆ ಬಿಸಿಯೇರಿತು. ಅದನ್ನೆಲ್ಲ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ವೇದಿಕೆಯ ಮೇಲಿದ್ದ ಗಂಡನೂ ಅವಳ ಕಡೆ ನೋಡಿದ, ಆ ನೋಟದಲ್ಲಿ ಒಂದು ಪ್ರಶ್ನೆ ಇತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಕೈಹಿಡಿದ ಗಂಡ. ನನ್ನ ಹೆಂಡತಿ ಹಾಗೆ ಮಾಡುವವಳಲ್ಲ ಎಂದು ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ಸ್ಕೂಟರಿನಲ್ಲಿ ಇಬ್ಬರೂ ಮನೆಗೆ ಬಂದರು. ಶರ್ಟು ಬಿಚ್ಚಿ ನೇತುಹಾಕಿದ ಮೇಲೆ ಚೆನ್ನಪ್ಪ ಗೋಡೆಯ ಕಡೆ ನೋಡಿಕೊಂಡು ಕೇಳಿದ. "ಹರಿಣಾಕ್ಷಿ, ಬೈಯುವುದಿಲ್ಲ ನಾನು. ನಿಜ ಹೇಳು. ಜೋರು ಮಳೆಗೆ ಹೊರಗೆ ಹೋಗ್ಲಿಕ್ಕೆ ಉದಾಸೀನ ಆಗಿ ಒಂದೊಂದು ದಿನ ಅಂದಾಜಿಗೆ ಬರೆದದ್ದು ಉಂಟಾ?"

"ಇಲ್ಲ," ಎಂದಳು ಹರಿಣಾಕ್ಷಿ.

"ಮತ್ತೆ ಸೊನ್ನೆ ಎಲ್ಲಿಂದ ಬಂತು ಮಾರಾಯ್ತಿ? ಜುಲೈ ತಿಂಗಳಲ್ಲಿ ಮೂರು ದಿನ ಸೊನ್ನೆ!"

ಇಪ್ಪತ್ತಾರು ವರ್ಷದ ಹಿಂದಿನ ಒಂದು ಜುಲೈಯಲ್ಲಿ ಏನಾಯಿತೆಂದು ಯಾರಿಗೆ ನೆನಪಿರುತ್ತದೆ? ಅವಳ ಮೌನವನ್ನು ಚೆನ್ನಪ್ಪ ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡ. ಗಂಡಸರಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಕಾಣುತ್ತದೆ, ಎದುರಿಗೆ ನಿಂತವಳ ಮುಖ ಕಾಣುವುದಿಲ್ಲ.

"ಬರುವ ಭಾನುವಾರ ಹೇಳಿಬಿಡ್ತೇನೆ," ಎಂದ. "ಆ ಎಂಟು ವರ್ಷ ತೆಗೆದು ಹಾಕಿದೆ ಅಂತ. ಉಳಿದದ್ದಾದರೂ ಉಳಿಯಲಿ."

ತೆಗೆದು ಹಾಕಿದೆ. ಎಷ್ಟು ಸಲೀಸಾಗಿ ಹೇಳಿದ! ಕಪ್ಪೆಯನ್ನು ಎಬ್ಬಿಸಿದ್ದು, ಸಿಡಿಲಿಗೆ ಹೆದರಿ ಕಣ್ಣುಮುಚ್ಚಿ ಜಾಡಿ ಹಿಡಿದದ್ದು, ಜ್ವರ ಬಂದ ದಿನವೂ ತಲೆಗೆ ಟವೆಲ್ ಸುತ್ತಿ ಇಳಿದದ್ದು, ಎಲ್ಲವನ್ನೂ ಒಂದೇ ಮಾತಿನಲ್ಲಿ ಹೊರಗೆ ಹಾಕಿದ. ಹರಿಣಾಕ್ಷಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆ ವಾರ ಅವಳಿಗೆ ಮಾರ್ಕೆಟಿಗೆ ಹೋಗುವುದೂ ಬೇಡವಾಯಿತು. ಹೋದರೆ ಒಬ್ಬಳು, "ಹರಿಣಕ್ಕ, ಇವತ್ತು ಎಷ್ಟು ಮಿಲಿಮೀಟರ್ ಬರೆಯುವ?" ಎಂದು ತಮಾಷೆ ಮಾಡಿದಳು. ಹಸ್ನಾಳ ವಿಡಿಯೋ ಮಸ್ಕತ್ತಿನ ತನಕ ಹೋಗಿತ್ತು. ಸುಳ್ಳು ಎಷ್ಟು ಸಲ ಕೇಳಿದರೂ ಸುಳ್ಳೇ, ಆದರೆ ಕುಂಬಳಕಾಯಿ ಕಳ್ಳ ಎಂದು ಊರೆಲ್ಲ ಕೂಗುವಾಗ ಕದಿಯದವಳ ಕೈಯೂ ಹೆಗಲಿಗೆ ಹೋಗುತ್ತದೆ. ನಾನೇ ಏನಾದರೂ ಎಡವಟ್ಟು ಮಾಡಿದೆನೇ? ಆಗ ಇಪ್ಪತ್ತೆಂಟು ವಯಸ್ಸು, ಮನೆ ತುಂಬ ಕೆಲಸ, ಅತ್ತೆಯ ಕಟ್ಟುನಿಟ್ಟು. ಮೈಮರೆತು ಸೊನ್ನೆ ಹಾಕಿದೆನೇ? ಗುರುವಾರದ ಹೊತ್ತಿಗೆ ತನ್ನ ಮೇಲೆ ತನಗೇ ನಂಬಿಕೆ ಸಡಿಲವಾಗಿತ್ತು. ಇದರಷ್ಟು ಕೆಟ್ಟ ಅವಸ್ಥೆ ಮನುಷ್ಯರಿಗೆ ಬೇರೆ ಇಲ್ಲ.

ಶನಿವಾರ ಮಧ್ಯಾಹ್ನ ಮಗಳು ಮೋಕ್ಷಾ ಕೆಲಸ ಮುಗಿಸಿ ಬಂದಳು. ಬಿಜೈಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದ್ದು. ಇಪ್ಪತ್ಮೂರು ವಯಸ್ಸು, ಒಬ್ಬಳೇ ಮಗಳು. ಹರಿಣಾಕ್ಷಿ ಅಡುಗೆಮನೆಯಲ್ಲಿ ಒಣಮೀನು ಹುರಿಯುತ್ತಿದ್ದಳು. ಮೋಕ್ಷಾ ತಟ್ಟೆ ಹಾಕಿಕೊಂಡು ಕೂತವಳು ಅಪ್ಪನ ಹಾಳೆಗಳನ್ನು ಪಕ್ಕದಲ್ಲಿ ಹರಡಿಕೊಂಡಳು. ವಾರವಿಡೀ ಮನೆಯಲ್ಲಿ ಸತ್ತ ಮನೆಯ ಮೌನ ಕಂಡು ಅವಳಿಗೂ ಸಾಕಾಗಿತ್ತು.

"ಅಮ್ಮ, ಇದೆಂತ ಮಳೆ ರಜೆ ಹಾಕುವುದು?" ಎಂದಳು ತುತ್ತಿನ ನಡುವೆ.

"ನನ್ನನ್ನು ಕೇಳ್ಬೇಡ."

"ಅಲ್ಲ, ಇಲ್ಲಿ ನೋಡಿ. ಎರಡು ವರ್ಷದ್ದು ಗುರುತು ಹಾಕಿದೆ. 1999, ಜೂನ್ ಹನ್ನೊಂದು, ಹನ್ನೆರಡು, ಹದಿಮೂರು ಸೊನ್ನೆ. ಜುಲೈ ಒಂಬತ್ತು, ಹತ್ತು, ಹನ್ನೊಂದು ಸೊನ್ನೆ. ಆಗಸ್ಟ್ ಆರು, ಏಳು, ಎಂಟು. ಪ್ರತಿ ಸಲ ಮೂರೇ ದಿನ. ಪ್ರತಿ ಸಲ ಇಪ್ಪತ್ತೆಂಟು ದಿನಕ್ಕೊಮ್ಮೆ. ಸುಳ್ಳು ಬರೆಯುವವರು ಹೀಗೆ ಗಡಿಯಾರ ನೋಡಿ ಬರೀತಾರಾ?"

ಹರಿಣಾಕ್ಷಿ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು. ಹನ್ನೊಂದು, ಹನ್ನೆರಡು, ಹದಿಮೂರು. ಒಂಬತ್ತು, ಹತ್ತು, ಹನ್ನೊಂದು. ಸೌಟಿನಿಂದ ಎಣ್ಣೆ ಹಾಳೆಯ ಮೇಲೆ ತೊಟ್ಟಿಕ್ಕಿತು. ಮೊದಲು ಅವಳ ಮುಖ ಕೆಂಪೇರಿತು, ಆಮೇಲೆ ಅವಳಿಗೆ ನಗು ಹತ್ತಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೀನು ಕರಟಿಹೋಯಿತು.

"ಎಂತಾಯ್ತು ಅಮ್ಮ?"

"ಪೆದ್ದಿ! ಇಪ್ಪತ್ತೆಂಟು ದಿನಕ್ಕೊಮ್ಮೆ ಮೂರು ದಿನ. ನಿನಗೆ ಗೊತ್ತಾಗುವುದಿಲ್ವಾ? ನಾನು ಹೊರಗಾದ ದಿನ ಅದು!"

ಮೋಕ್ಷಾಳ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. ಅವಳ ಕಾಲಕ್ಕೆ ಆ ನಿಯಮವೆಲ್ಲ ಮನೆಯಿಂದ ಎದ್ದುಹೋಗಿತ್ತು. ಹರಿಣಾಕ್ಷಿ ಬಿಡಿಸಿ ಹೇಳಿದಳು. ಅತ್ತೆ ಕೆಟ್ಟವರಲ್ಲ, ಆದರೆ ತುಳಸಿಕಟ್ಟೆಯ ವಿಷಯದಲ್ಲಿ ಪೊಲೀಸಿನವರಿಗಿಂತ ಕಠಿಣ. ಮುಟ್ಟಾದ ಸೊಸೆ ಮೂರು ದಿನ ಆ ಕಡೆ ಮುಖ ಹಾಕುವಂತಿರಲಿಲ್ಲ. ಮಳೆಮಾಪಕ ಇದ್ದದ್ದು ಕಟ್ಟೆಯ ಮಗ್ಗುಲಲ್ಲೇ. ಒಳಗಿನ ಬಾಟಲಿ ತುಂಬಿದರೆ ನೀರು ಹೊರಗಿನ ದೊಡ್ಡ ಡಬ್ಬಿಗೆ ಇಳಿಯುತ್ತಿತ್ತು, ಒಂದು ಹನಿಯೂ ಪೋಲಾಗುತ್ತಿರಲಿಲ್ಲ. ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ ಅಂಗಳಕ್ಕೆ ಇಳಿದು, ನಾಲ್ಕೂ ದಿನದ ನೀರನ್ನು ಒಟ್ಟಿಗೆ ಅಳೆದು ಬರೆಯುತ್ತಿದ್ದಳು. ತಿಂಗಳ ಒಟ್ಟು ಲೆಕ್ಕ ಸರಿ ಬರುತ್ತಿದ್ದುದರಿಂದ ಮಸ್ಕತ್ತಿನಲ್ಲಿದ್ದವನಿಗೆ ಏನೂ ತಿಳಿಯಲಿಲ್ಲ. ಇಂಥದ್ದನ್ನು ಗಂಡನಿಗೆ ಕಾಗದದಲ್ಲಿ ಬರೆಯುವುದೂ ಇರಲಿಲ್ಲ. ಕ್ರಮೇಣ ಅವಳೂ ಮರೆತಳು.

"ಆದರೆ ನಾನು ಸೊನ್ನೆ ಹಾಕಲಿಲ್ಲ," ಎಂದಳು ಹರಿಣಾಕ್ಷಿ ಇದ್ದಕ್ಕಿದ್ದಂತೆ. "ಅಳೆಯದ ದಿನಕ್ಕೆ ಸೊನ್ನೆ ಹಾಕ್ಲಿಕ್ಕೆ ನನಗೆ ಹುಚ್ಚಾ? ಪುಸ್ತಕ ತಾ."

ಮೋಕ್ಷಾ ಕೈ ತೊಳೆದು ಓಡಿದಳು. ಕಪಾಟಿನಿಂದ ಕಂದು ರಟ್ಟಿನ ಹಳೆಯ ಪುಸ್ತಕ ಬಂತು. 1999ರ ಜುಲೈ. ಒಂಬತ್ತು, ಹತ್ತು, ಹನ್ನೊಂದರ ಎದುರು ಮೂರು ಸಣ್ಣ ಅಡ್ಡಗೀಟುಗಳು. ಜನವರಿಯ ಪುಟ ತೆಗೆದರು. ಮಳೆಯೇ ಇಲ್ಲದ ಆ ತಿಂಗಳಲ್ಲಿ ದುಂಡಗಿನ ಸೊನ್ನೆಗಳ ಸಾಲು, ನಡುವೆ ಮೂರೇ ಮೂರು ಗೀಟು.

"ಪಪ್ಪ ಎರಡನ್ನೂ ಸೊನ್ನೆ ಮಾಡಿ ಕುಟ್ಟಿದ್ದಾರೆ!" ಮೋಕ್ಷಾ ತಲೆ ಚಚ್ಚಿಕೊಂಡಳು. "ನಮ್ಮ ಲ್ಯಾಬಲ್ಲಿ ಟೆಸ್ಟ್ ಮಾಡಿ ಎಂತದ್ದೂ ಸಿಗದಿದ್ರೆ ನಿಲ್ ಅಂತ ಬರೀತೇವೆ. ಟೆಸ್ಟೇ ಮಾಡದಿದ್ರೆ ಗೀಟು. ಇದನ್ನು ಅದು ಮಾಡಿದ್ರೆ ಅವತ್ತೇ ನನ್ನನ್ನು ಮನೆಗೆ ಕಳಿಸ್ತಾರೆ."

ಹರಿಣಾಕ್ಷಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ತಾನು ಸುಳ್ಳು ಬರೆದಿರಲಿಲ್ಲ. ಮೈಮರೆತೂ ಇರಲಿಲ್ಲ. ಇಪ್ಪತ್ತೆಂಟರ ಆ ಹೆಂಗಸು ಅಳೆದದ್ದನ್ನು ಅಳೆದೆನೆಂದೂ ಅಳೆಯದ್ದನ್ನು ಅಳೆದಿಲ್ಲವೆಂದೂ ಬರೆದಿಟ್ಟು ಹೋಗಿದ್ದಳು. ವಾರದಿಂದ ಕಳೆದುಹೋಗಿದ್ದ ಆ ಹೆಂಗಸು ತಿರುಗಿ ಮನೆಗೆ ಬಂದಂತೆ ಸಂತೋಷವಾಯಿತು.

ಸಂಜೆ ಚೆನ್ನಪ್ಪ ಬಂದ. ಪುಸ್ತಕ ತೆರೆದು ತೋರಿಸಿದರು, ಹೇಳಿದರು. ಅವನು ಗೀಟುಗಳ ಮೇಲೆ ಒಂದೊಂದಾಗಿ ಬೆರಳು ಓಡಿಸಿದ. "ಛೆ," ಎಂದ. "ನನ್ನದೇ ತಪ್ಪಲ್ವಾ ಇದು." ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಅವನ ಕುತ್ತಿಗೆ ಕೆಳಗಾಯಿತು. "ಆದರೆ ಹರಿಣಾಕ್ಷಿ, ಸ್ಟೇಜಿನಲ್ಲಿ ಅಷ್ಟು ಜನರ ಎದುರು ಇದನ್ನೆಲ್ಲ ಹೇಳುವುದು ಹೇಗೆ? ಹಸ್ನಾಳ ವಿಡಿಯೋ ಬೇರೆ. ಸುಮ್ಮನೆ ತೆಗೆದು ಹಾಕುವ. ನಮಗೆ ನಿಜ ಗೊತ್ತುಂಟಲ್ಲ, ಸಾಕು."

"ಯಾರಿಗೆ ಸಾಕು?" ಎಂದಳು ಹರಿಣಾಕ್ಷಿ. ಅವಳ ದನಿ ಏರಿದ್ದು ಕಂಡು ಮೋಕ್ಷಾ ಮೆಲ್ಲಗೆ ಒಳಗೆ ಜಾರಿಕೊಂಡಳು. "ಹೋದ ಭಾನುವಾರ ನನ್ನನ್ನು ಸುಳ್ಳಿ ಅಂದಾಗ ನೀವು ಬಾಯಿ ಬಿಡಲಿಲ್ಲ. ಆಗ ನಿಮಗೆ ನಾಚಿಕೆ ಆಗ್ಲಿಲ್ಲ. ಹೆಂಗಸರಿಗೆ ಮುಟ್ಟಾಗ್ತದೆ ಅನ್ಲಿಕ್ಕೆ ನಾಚಿಕೆಯಾ? ಸಭೆಯಲ್ಲಿ ಕೂತವರೆಲ್ಲ ಮತ್ತೆ ಹೇಗೆ ಹುಟ್ಟಿದ್ದು, ಮಳೆಯಲ್ಲಿ ಬಿದ್ದದ್ದಾ?"

ಆ ರಾತ್ರಿ ಚೆನ್ನಪ್ಪನಿಗೆ ಕರಟಿದ ಮೀನೇ ಸಿಕ್ಕಿತು, ಅದನ್ನೇ ಮುಳ್ಳು ಬಿಡದೆ ತಿಂದ.

ಎರಡನೇ ಭಾನುವಾರ ಸಭಾಭವನದಲ್ಲಿ ನಿಲ್ಲಲು ಜಾಗ ಇರಲಿಲ್ಲ. ಜಗಳ ಎಂದರೆ ನಮ್ಮವರಿಗೆ ಬಿಸಿ ಬೋಂಡ ಸಿಕ್ಕಿದಷ್ಟು ಖುಷಿ. ಹರಿಣಾಕ್ಷಿ ಅದೇ ಮೂರನೇ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ಮೋಕ್ಷಾ, ಮಡಿಲಲ್ಲಿ ಕಂದು ಪುಸ್ತಕ. ಗಂಡ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ತೆಗೆದು ಹಾಕಿದೆ ಎಂದರೆ ತಾನೇ ಎದ್ದು ನಿಲ್ಲುವುದೆಂದು ನಿಶ್ಚಯ ಮಾಡಿಕೊಂಡು ಬಂದಿದ್ದಳು.

"ಚೆನ್ನಪ್ಪಣ್ಣ, ಆ ಎಂಟು ವರ್ಷ ತೆಗೀತೀರಾ ಹೇಗೆ?" ಎಂದು ಹಸ್ನಾ ಕೇಳಿದಳು.

ಚೆನ್ನಪ್ಪ ಮೈಕ್ ಹಿಡಿದು ನಿಂತ. ಒಮ್ಮೆ ಹೆಂಡತಿಯ ಕಡೆ ನೋಡಿದ. ಈ ಸಲ ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ.

"ಇಲ್ಲ," ಎಂದ. "ತೆಗೆಯುವುದಿಲ್ಲ. ನನ್ನ ಹೆಂಡತಿ ಸರಿಯಾಗಿ ಬರೆದದ್ದನ್ನು ನಾನು ತಪ್ಪಾಗಿ ಟೈಪ್ ಮಾಡಿದ್ದು. ಹೋದ ವಾರ ನಾನು ಅವಳ ಪರ ಮಾತಾಡಬೇಕಿತ್ತು, ಆಡಲಿಲ್ಲ. ಅದು ಇನ್ನೂ ದೊಡ್ಡ ತಪ್ಪು. ಉಳಿದದ್ದು ಅವಳೇ ಹೇಳ್ತಾಳೆ."

ವೇದಿಕೆಯಿಂದ ಇಳಿದು ಬಂದು ಮೈಕನ್ನು ಅವಳ ಕೈಗೆ ಕೊಟ್ಟ. ಇಪ್ಪತ್ತೇಳು ವರ್ಷದ ಹಿಂದೆ ಗಾಜಿನ ಜಾಡಿ ಕೊಟ್ಟದ್ದೂ ಇದೇ ಕೈ.

ಹರಿಣಾಕ್ಷಿ ಎದ್ದಳು. "ಕಮಲೇಶ್ ಸರ್, ನೀವು ಹೇಳಿದ್ದು ಅರ್ಧ ಸರಿ. ಆ ಮೂರು ದಿನ ನಾನು ಅಂಗಳಕ್ಕೆ ಇಳಿದದ್ದೇ ಇಲ್ಲ. ಇಳಿಯುವ ಹಾಗೆ ಇರಲಿಲ್ಲ. ಮಳೆಮಾಪಕ ತುಳಸಿಕಟ್ಟೆಯ ಹತ್ತಿರ ಇದ್ದದ್ದು. ಹೆಂಗಸರಿಗೆ ತಿಂಗಳಿಗೆ ಮೂರು ದಿನ ಉಂಟಲ್ಲ ಸರ್, ಆ ದಿನ ಅದು. ನಾಲ್ಕನೇ ದಿನ ಎಲ್ಲ ಒಟ್ಟಿಗೆ ಅಳೆದದ್ದು. ಅಳೆಯದ ದಿನಕ್ಕೆ ಗೀಟು ಹಾಕಿದ್ದೇನೆ, ಸೊನ್ನೆ ಅಲ್ಲ. ಪುಸ್ತಕ ಇಲ್ಲಿ ಉಂಟು, ಬಂದು ನೋಡಿ."

ಗಂಡಸರು ತಮ್ಮ ತಮ್ಮ ಚಪ್ಪಲಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಾತ್ರ, "ಹೌದು ಮಾರಾಯ್ರೆ, ನಮ್ಮಲ್ಲೂ ಹಾಗೇ ಇತ್ತು," ಎಂದು ಜೋರಾಗಿ ಹೇಳಿದಳು.

ಕಮಲೇಶ್ ಇಳಿದು ಬಂದ. ಪುಟಗಳನ್ನು ತಿರುಗಿಸಿದ. ಜೇಬಿನಿಂದ ಪೆನ್ನು ತೆಗೆದು ತನ್ನ ಹಾಳೆಯ ಅಂಚಿನಲ್ಲಿ ಕೂಡಿದ. "ಎಂಬತ್ತೆರಡು, ಅರವತ್ತನಾಲ್ಕು, ತೊಂಬತ್ತೊಂದು, ಎಪ್ಪತ್ತು. ಮುನ್ನೂರ ಏಳು. ಇವರದ್ದು ಮುನ್ನೂರ ಹನ್ನೆರಡು." ತಲೆ ಎತ್ತಿದ. "ನಾನು ಅವತ್ತೇ ಕೂಡಿ ನೋಡ್ಬೇಕಿತ್ತು."

ಜನ ಉಸಿರು ಬಿಟ್ಟರು. ಆದರೆ ಮುಳ್ಳು ಹುಡುಕುವವನ ಬುದ್ಧಿ ಅಷ್ಟು ಬೇಗ ಬಿಡುತ್ತದೆಯೇ? ಕಮಲೇಶ್ ಮತ್ತೆ ಪುಟ ತಿರುಗಿಸಿದ, ಹುಬ್ಬು ಗಂಟಿಕ್ಕಿದ. "ಒಂದು ನಿಮಿಷ ಅಕ್ಕ. ಎಲ್ಲ ವರ್ಷವೂ ಗೀಟು ಉಂಟು. 2001ರಲ್ಲಿ ಏಪ್ರಿಲ್ ತನಕ ಉಂಟು, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಖಾಲಿ. ಒಂದೂ ಗೀಟಿಲ್ಲ. ನೀವು ಹೇಳಿದ ಕಾರಣ ನಿಜವಾದ್ರೆ ಆ ಮಳೆಗಾಲ ಎಂತಾಯ್ತು?"

ಈ ಪುಟವನ್ನು ಹರಿಣಾಕ್ಷಿಯೂ ಮಗಳೂ ನೋಡಿರಲೇ ಇಲ್ಲ. ದಡಕ್ಕೆ ಬಂದ ದೋಣಿಗೆ ಇದೆಲ್ಲಿಯ ಅಲೆ? 2001. ಚೆನ್ನಪ್ಪ ರಜೆಗೆ ಬಂದ ವರ್ಷ. ಏಪ್ರಿಲ್ ಕೊನೆಗೆ ಬಂದು ಮೇ ಕೊನೆಗೆ ಹೋದದ್ದು, ಆ ತಿಂಗಳು ಅಳೆದದ್ದೂ ಅವನೇ. ಅದಕ್ಕಿಂತ ಮೊದಲು, ತೊಂಬತ್ತೊಂಬತ್ತರಲ್ಲೂ ಹೀಗೆಯೇ ರಜೆಗೆ ಬಂದುಹೋಗಿದ್ದ. ಆ ಸಲ ಜೂನ್ ಹನ್ನೊಂದಕ್ಕೆ ಗೀಟು ಹಾಕುವಾಗ ಮೊಮ್ಮಗುವಿನ ಆಸೆಯಲ್ಲಿದ್ದ ಅತ್ತೆ ಮಾತಾಡಲಿಲ್ಲ, ಅವಳು ಬಚ್ಚಲಲ್ಲಿ ಕೂತು ಅತ್ತಿದ್ದಳು. ಎರಡು ಸಾವಿರದ ಒಂದರಲ್ಲಿ ಅಳಲಿಲ್ಲ. ಯಾಕೆ ಅಳಲಿಲ್ಲ?

ಅವಳು ಪಕ್ಕಕ್ಕೆ ತಿರುಗಿದಳು. ಮೋಕ್ಷಾ ಗಾಬರಿಯ ಮುಖ ಹೊತ್ತು ಕೂತಿದ್ದಳು. ಹರಿಣಾಕ್ಷಿ ಮಗಳ ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿದಳು.

"ಆ ಮಳೆಗಾಲ ಇವಳು ನನ್ನ ಹೊಟ್ಟೆಯಲ್ಲಿದ್ದಳು ಸರ್," ಎಂದಳು. "ಹುಟ್ಟಿದ್ದು ಮರುವರ್ಷ ಫೆಬ್ರವರಿ. ನೀವು ಲೆಕ್ಕದ ಮೇಷ್ಟ್ರು, ಲೆಕ್ಕ ಹಾಕಿ ನೋಡಿ."

ಹಿಂದಿನ ಸಾಲಿನ ಆ ಅಜ್ಜಿ ಮೊದಲು ಕೈ ತಟ್ಟಿದಳು, ಅವಳ ಹಿಂದೆ ಹೆಂಗಸರೆಲ್ಲ ತಟ್ಟಿದರು, ಕೊನೆಗೆ ಚಪ್ಪಲಿ ನೋಡುತ್ತಿದ್ದ ಗಂಡಸರೂ ತಲೆ ಎತ್ತಿ ತಟ್ಟಿದರು. ಮೋಕ್ಷಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಕಮಲೇಶ್ ಪುಸ್ತಕವನ್ನು ಮುಚ್ಚಿ, ಎರಡು ಕೈಯಲ್ಲಿ ಹಿಡಿದು ಹರಿಣಾಕ್ಷಿಗೆ ಒಪ್ಪಿಸಿದ. "ಅಕ್ಕ, ಇಷ್ಟು ಪ್ರಾಮಾಣಿಕವಾದ ಲೆಕ್ಕ ನಾನು ನೋಡಿಲ್ಲ. ಹೋದ ವಾರ ಹೇಳಿದ್ದಕ್ಕೆ ಕ್ಷಮೆ ಇರ್ಲಿ." ಹರಿಣಾಕ್ಷಿಯ ಎದೆಯ ಮೇಲೆ ವಾರದಿಂದ ಕೂತಿದ್ದ ಕಲ್ಲು ಆಗ ಇಳಿಯಿತು. ಇಳಿದು ಎಷ್ಟು ಹಗುರವಾಯಿತೆಂದರೆ ಅವಳು ಕೂರುವುದನ್ನೂ ಮರೆತು ನಿಂತೇ ಇದ್ದಳು.

ಹಾಗಾದರೆ ಮಳೆ ಬದಲಾಗಿದೆಯೋ ಇಲ್ಲವೋ? ಅದನ್ನೂ ಕೇಳಿದರು ಅನ್ನಿ. ತೊಂಬತ್ತೆಂಟರಿಂದ ಮಳೆಗೆ ಹುಚ್ಚು ಹಿಡಿದದ್ದೆಂಬ ತನ್ನ ಮಾತು ತಪ್ಪು, ಆ ಮಾತನ್ನು ಹಿಂತೆಗೆದುಕೊಂಡೆ ಎಂದ ಚೆನ್ನಪ್ಪ. ಗೀಟಿನ ದಿನಗಳನ್ನು ಸರಿಯಾಗಿ ಸೇರಿಸಿ ನೋಡಿದರೆ ಈಚಿನ ಹತ್ತು ವರ್ಷದಲ್ಲಿ ಒಂದೇ ದಿನ ಜೋರಾಗಿ ಸುರಿಯುವುದು ಸ್ವಲ್ಪ ಹೆಚ್ಚಿದ ಹಾಗೆ ಕಾಣುತ್ತದೆ ಎಂದ ಕಮಲೇಶ್. ಆದರೆ ಒಂದು ಅಂಗಳ ನೋಡಿ ಇಡೀ ಕರಾವಳಿಯ ಜಾತಕ ಬರೆಯಬಾರದು, ಇಂಥ ಪುಸ್ತಕ ಇನ್ನಷ್ಟು ಮನೆಯಲ್ಲಿ ಬೇಕು ಎಂದೂ ಸೇರಿಸಿದ. ತೋಡಿನ ಕಡೆಯವರು ತೋಡಿನ ಮಾತು ಎತ್ತಿದರು, ಅದೂ ಸರಿಯೇ ಎಂದು ಇಬ್ಬರೂ ಒಪ್ಪಿದರು. ಎರಡು ವಾರದ ಚರ್ಚೆಯಲ್ಲಿ ಎಲ್ಲರೂ ಒಪ್ಪಿದ್ದು ಅದೊಂದೇ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಜಿರಿಜಿರಿ ಮಳೆ. ಹರಿಣಾಕ್ಷಿ ಹೊರಗೆ ಬಂದಾಗ ಚೆನ್ನಪ್ಪ ಕೊಡೆ ಬಿಡಿಸಿಕೊಂಡು ತುಳಸಿಕಟ್ಟೆಯ ಹತ್ತಿರ ನಿಂತಿದ್ದ. ಜಾಡಿಯನ್ನು ಅವಳ ಕಡೆ ಚಾಚಿದ. ಅವಳು ಡಬ್ಬಿಯ ನೀರನ್ನು ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "ನಲವತ್ತೆರಡು ಪಾಯಿಂಟ್ ಆರು," ಎಂದಳು. ಬರೆಯಲು ಪುಸ್ತಕ ತೆಗೆದಾಗ ಮೊದಲ ಪುಟ ಕಣ್ಣಿಗೆ ಬಿತ್ತು. 1991ರಿಂದಲೂ ಅಲ್ಲಿ 'ಮಳೆ ಪುಸ್ತಕ, ಚೆನ್ನಪ್ಪ, ಉರ್ವ' ಎಂದಷ್ಟೇ ಇತ್ತು. ಈಗ ಅದರ ಕೆಳಗೆ, ಹೊಸ ಶಾಯಿಯಲ್ಲಿ, '1998ರಿಂದ 2005, ಹರಿಣಾಕ್ಷಿ' ಎಂದು ಬರೆದಿತ್ತು.

ಅವಳು ಅದನ್ನು ಎರಡು ಸಲ ಓದಿದಳು. ಕಣ್ಣು ಒದ್ದೆಯಾಯಿತು, ಮಳೆ ಇದ್ದದ್ದರಿಂದ ಅದರ ಲೆಕ್ಕ ಯಾರಿಗೂ ಸಿಗಲಿಲ್ಲ.

"ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ?" ಎಂದಳು.

"ತಡವಾಯ್ತು," ಎಂದ ಚೆನ್ನಪ್ಪ.

"ಇನ್ನು ಕೊನೆಯ ತಾರೀಕು ಹಾಕ್ಬೇಡಿ. ದಿನಾ ನಾನೇ ಅಳೀತೇನೆ." ಜಾಡಿಯ ನೀರನ್ನು ತುಳಸಿಗೆ ಹೊಯ್ದಳು. "ನನಗೆ ಗೀಟು ಹಾಕುವ ಕಾಲ ಮುಗಿದು ನಾಲ್ಕು ವರ್ಷ ಆಯ್ತು. ನೀವು ಒಳಗೆ ಹೋಗಿ ಚಾ ಮಾಡಿ."

ಚೆನ್ನಪ್ಪ ಕೊಡೆಯನ್ನು ಅವಳ ಕೈಗೆ ಕೊಟ್ಟು, ತಾನು ನೆನೆದುಕೊಂಡೇ ಚಾ ಮಾಡಲು ಒಳಗೆ ಹೋದ.